ಬಿಸಿಲೂರಿನಲ್ಲಿ ಎರೆಗೊಬ್ಬರ: ಮೊದಲು ಕೊಳೆಸಿ, ಆಮೇಲೆ ಹುಳಕ್ಕೆ ಹಾಕಿ

ಎರೆಗೊಬ್ಬರ ಮಾಡುವುದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಒಂದು ಡಬ್ಬಿ ತಗೊಳ್ಳಿ, ಹುಳ ಬಿಡಿ, ತರಕಾರಿ ಸಿಪ್ಪೆ ಹಾಕಿ, ಮುಗೀತು. ಬೆಂಗಳೂರಿನ ಬಾಲ್ಕನಿಯಲ್ಲಿ ಇದು ನಡೆಯುತ್ತದೆ. ವಿಜಯಪುರದಲ್ಲಿ ಏಪ್ರಿಲ್ ತಿಂಗಳಲ್ಲಿ ಮಾಳಿಗೆ ಮೇಲೆ ಹೀಗೆ ಮಾಡಿದರೆ ಒಂದು ಹುಳವೂ ಉಳಿಯುವುದಿಲ್ಲ.

ಯಾಕೆ ಅಂದರೆ, ಎರೆಹುಳಕ್ಕೆ ಹಿತವಾದ ಉಷ್ಣ 20ರಿಂದ 30 ಡಿಗ್ರಿ. 35 ದಾಟಿದರೆ ಅದಕ್ಕೆ ತಡೆಯುವುದಿಲ್ಲ. ನಮ್ಮಲ್ಲಿ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ದಾಟಿರುತ್ತದೆ. ಅದರ ಮೇಲೆ ಇನ್ನೊಂದು ಬಿಸಿಯಿದೆ, ಅದನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಸಿ ಕಸ ಕೊಳೆಯಲು ಶುರುವಾದಾಗ ತಾನೇ ಕಾವು ಬಿಡುತ್ತದೆ. ದೊಡ್ಡ ರಾಶಿಯಾದರೆ ಒಳಗೆ 55ರಿಂದ 65 ಡಿಗ್ರಿವರೆಗೂ ಏರುತ್ತದೆ. ಮೇಲಿನಿಂದ ಬಿಸಿಲು, ಒಳಗಿನಿಂದ ಕಾವು, ನಡುವೆ ಹುಳ ಎಲ್ಲಿಗೆ ಹೋಗಬೇಕು?

ಹಾಗಾಗಿ ನಮ್ಮ ಕಡೆ ಕೆಲಸವನ್ನು ಎರಡು ಹಂತ ಮಾಡಿಕೊಳ್ಳಬೇಕು. ಕಸ ಮೊದಲು ಒಂದು ಕಡೆ ಅರ್ಧ ಕೊಳೆಯಲಿ, ಅದರ ಕಾವು ಅಲ್ಲೇ ಇಳಿಯಲಿ. ಆಮೇಲೆ ಅದನ್ನು ನೆರಳಲ್ಲಿರುವ ಹುಳದ ತೊಟ್ಟಿಗೆ ಹಾಕಿ. ಇಷ್ಟು ಮಾಡಿದರೆ ನಾತ, ನೊಣ, ಹುಳ ಸಾಯುವುದು, ಇದರಲ್ಲಿ ಮುಕ್ಕಾಲು ಪಾಲು ತಾಪತ್ರಯ ಬರುವುದೇ ಇಲ್ಲ.

ಯಾವಾಗ ಶುರು ಮಾಡಬೇಕು

ಮಳೆ ನಿಂತ ಮೇಲೆ. ದಸರಾದಿಂದ ದೀಪಾವಳಿಯೊಳಗೆ ಶುರು ಮಾಡಿದರೆ ಬಹಳ ಚೆನ್ನ. ವಿಜಯಪುರಕ್ಕೆ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ, ಅದು ಮುಗಿದ ಮೇಲೆ ನಾಲ್ಕು ತಿಂಗಳು ಹವೆ ಹುಳಕ್ಕೆ ಒಗ್ಗುತ್ತದೆ. ಅಷ್ಟರಲ್ಲಿ ಅವು ಮರಿ ಹಾಕಿ ಸಂಖ್ಯೆ ಬೆಳೆಸಿಕೊಂಡಿರುತ್ತವೆ, ಬೇಸಿಗೆಗೆ ಸ್ವಲ್ಪ ಹುಳ ಸತ್ತರೂ ತೊಟ್ಟಿ ನಿಲ್ಲುತ್ತದೆ. ಇನ್ನೊಂದು ಅನುಕೂಲ ಏನಂದರೆ ಹಬ್ಬದ ಚೆಂಡು ಹೂವು, ಬಾಳೆ ಕಂಬ, ಕಬ್ಬಿನ ಸೋಗೆ ಎಲ್ಲ ಆಗ ರಾಶಿ ರಾಶಿ ಸಿಗುತ್ತದೆ. ಪೂಜೆ ಮುಗಿದ ಮೇಲೆ ಜನ ಅದನ್ನು ರಸ್ತೆ ಬದಿಗೆ ಇಡುತ್ತಾರೆ, ಹೋಗಿ ತಂದುಕೊಳ್ಳಿ. ಬಾಳೆ ಕಂಬವನ್ನು ಸಣ್ಣಗೆ ಕೊಚ್ಚಿ ಹಾಕಿದರೆ ಅದರಷ್ಟು ತಂಪು ಮತ್ತೊಂದಿಲ್ಲ.

ಮಾರ್ಚ್‌ನಲ್ಲಿ ಆಸೆ ಹುಟ್ಟಿದರೆ ಹುಳ ತರಬೇಡಿ. ಬರೀ ಕೊಳೆಸುವ ಕೆಲಸ ಶುರು ಮಾಡಿ. ಹುಳ ಇಲ್ಲದೆಯೂ ಒಳ್ಳೆಯ ಗೊಬ್ಬರ ಆಗುತ್ತದೆ.

ಮೊದಲ ಹಂತ: ಕಸ ಕೊಳೆಸುವುದು

ಹಿತ್ತಲಿದ್ದವರು ಮೂಲೆಯಲ್ಲಿ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರದ ರಾಶಿ ಒಟ್ಟಬಹುದು. ಇದಕ್ಕಿಂತ ಸಣ್ಣದಾದರೆ ಕಾವು ಏರುವುದಿಲ್ಲ. ಕಾವು 55 ಡಿಗ್ರಿ ದಾಟಿ ಮೂರ್ನಾಲ್ಕು ದಿನ ನಿಂತರೆ ಕಸದ ಬೀಜ, ರೋಗದ ಅಂಶ ಬಹಳಷ್ಟು ಸಾಯುತ್ತದೆ. ಮಾಳಿಗೆ ಮಾತ್ರ ಇರುವವರಿಗೆ ಎರಡು ಹಳೆಯ ಹರವಿ ಸಾಕು, ಅಥವಾ ಬಣ್ಣದ 20 ಲೀಟರಿನ ಖಾಲಿ ಬಕೆಟ್ ಎರಡು. ತಳದಲ್ಲಿ, ಪಕ್ಕದಲ್ಲಿ ತೂತು ಹಾಕಿ. ಒಂದು ತುಂಬುವಾಗ ಇನ್ನೊಂದು ಕೊಳೆಯುತ್ತಿರುತ್ತದೆ. ಸಣ್ಣ ಪಾತ್ರೆಯಲ್ಲಿ ಕಾವು ಅಷ್ಟು ಏರುವುದಿಲ್ಲ, ಆದರೆ ಕೊಳೆಯುವುದಂತೂ ಕೊಳೆಯುತ್ತದೆ.

ಅಡುಗೆಮನೆಯ ಹಸಿ ಕಸ ಒಂದು ಪಾಲು, ಒಣ ಕಸ ಎರಡು ಪಾಲು. ತೂಕದಲ್ಲಿ ಅಲ್ಲ, ಬುಟ್ಟಿ ಲೆಕ್ಕದಲ್ಲಿ. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಕಸದಲ್ಲಿ ಇಂಗಾಲ ಜಾಸ್ತಿ. ಇಂಗಾಲ 25-30 ಪಾಲಿಗೆ ಸಾರಜನಕ ಒಂದು ಪಾಲು ಇದ್ದಾಗ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ಬುಟ್ಟಿ ಲೆಕ್ಕ ಸುಮಾರಾಗಿ ಅಲ್ಲಿಗೇ ತಂದು ನಿಲ್ಲಿಸುತ್ತದೆ, ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಒಣ ಕಸಕ್ಕೆ ನಮ್ಮ ಕಡೆ ಬರವಿಲ್ಲ. ಜೋಳದ ಕಣಿಕೆ, ತೊಗರಿ ಹೊಟ್ಟು, ಶೇಂಗಾ ಸಿಪ್ಪೆ, ಜಮಖಂಡಿ-ಮುಧೋಳ ಕಡೆಯವರಾದರೆ ಕಬ್ಬಿನ ರವದಿ. ಹಿಂಗಾರಿ ಜೋಳ ಕೊಯ್ಲಾಗುವ ಫೆಬ್ರುವರಿ-ಮಾರ್ಚ್‌ನಲ್ಲಿ ಊರಿನವರಿಗೆ ಹೇಳಿ ಎರಡು ಚೀಲ ಕಣಿಕೆ ತರಿಸಿ ಒಣ ಜಾಗದಲ್ಲಿ ಇಟ್ಟುಕೊಳ್ಳಿ, ವರ್ಷ ಪೂರ್ತಿ ಬರುತ್ತದೆ. ಎರಡು ಇಂಚಿನ ತುಂಡು ಮಾಡಿ ಹಾಕಿ. ಇಡೀ ದಂಟು ಹಾಕಿದರೆ ಆರು ತಿಂಗಳಾದರೂ ದಂಟಾಗಿಯೇ ಇರುತ್ತದೆ.

ಬೇವಿನ ಎಲೆ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ನಮ್ಮೂರಲ್ಲಿ ಬೀದಿಗೊಂದು ಬೇವಿನ ಮರ, ಫೆಬ್ರುವರಿ ಬಂತೆಂದರೆ ಅಂಗಳ ತುಂಬ ಎಲೆ. ಒಣಗಿದ ಎಲೆಯನ್ನು ಸೆಗಣಿ ಜೊತೆ ಬೆರೆಸಿ ಕೊಳೆಸಿ, ಹುಳಕ್ಕೆ ಏನೂ ಆಗುವುದಿಲ್ಲ. ಸುಮ್ನೆ ಸುಡಬೇಡಿ. ಹಸಿ ಬೇವಿನ ಎಲೆಯನ್ನು ಮಾತ್ರ ಬುಟ್ಟಿಗಟ್ಟಲೆ ತಂದು ನೇರವಾಗಿ ಹುಳದ ಮೇಲೆ ಸುರಿಯಬಾರದು.

ಕಾಂಗ್ರೆಸ್ ಕಸ ಹೂ ಬಿಡುವ ಮೊದಲು ಕಿತ್ತಿದ್ದರೆ ರಾಶಿಗೆ ಹಾಕಿ. ಕೈಗೆ ಕವಚ ಹಾಕಿಕೊಂಡು ಕೀಳಿ, ಚರ್ಮಕ್ಕೆ ತುರಿಕೆ ಹತ್ತುತ್ತದೆ. ಹೂ ಬಿಟ್ಟಿದ್ದರೆ ದೂರ ಇಡಿ, ಅದರ ಬೀಜ ನಿಮ್ಮ ಕುಂಡದಲ್ಲೇ ಹುಟ್ಟುತ್ತದೆ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ದ್ರಾಕ್ಷಿ ತೋಟದ ಚಾಟ್ನಿ ಕಸ, ಅಂದರೆ ಬಳ್ಳಿ ಸವರಿದಾಗ ಬೀಳುವ ಕಸ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಆದಾಗ ಎಲೆ, ಬಳ್ಳಿ ಟ್ರ್ಯಾಕ್ಟರ್‌ಗಟ್ಟಲೆ ಬೀಳುತ್ತದೆ, ಪುಕ್ಕಟೆ ಸಿಗುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ. ಆದರೆ ದ್ರಾಕ್ಷಿಗೆ ರೋಗ ಬರದಂತೆ ಬೋರ್ಡೊ ದ್ರಾವಣ ಮತ್ತೆ ಮತ್ತೆ ಹೊಡೆದಿರುತ್ತಾರೆ. ಅದರಲ್ಲಿ ತಾಮ್ರ ಇದೆ. ತಾಮ್ರ ಕೊಳೆತು ಹೋಗುವ ವಸ್ತು ಅಲ್ಲ, ಗೊಬ್ಬರದಲ್ಲಿ ಉಳಿಯುತ್ತದೆ, ಎರೆಹುಳಕ್ಕೆ ಅದು ವಿಷ. ಎಲೆ ಮೇಲೆ ತಿಳಿನೀಲಿ ಬಿಳುಪಿನ ಕಲೆ ಒಣಗಿ ಅಂಟಿದ್ದು ಕಂಡರೆ ಅದೇ ಅದು. ಔಷಧ ಹೊಡೆಯದ ಸ್ವಂತ ಬಳ್ಳಿ ಬಿಟ್ಟರೆ ದ್ರಾಕ್ಷಿ ಕಸವನ್ನು ಹುಳದ ತೊಟ್ಟಿಗೆ ತರಲೇಬೇಡಿ.

ಪ್ರತಿ ಸಲ ಹಸಿ ಕಸ ಹಾಕಿದ ಮೇಲೆ ಒಣ ಕಸದಿಂದ ಪೂರ್ತಿ ಮುಚ್ಚಿ. ಹಸಿ ಸಿಪ್ಪೆ ಕಣ್ಣಿಗೆ ಕಾಣಬಾರದು. ಕಂಡಿತೆಂದರೆ ನೊಣ ಬರುತ್ತದೆ. ಒಂದು ಹಿಡಿ ಹಳೆಯ ಗೊಬ್ಬರವನ್ನೋ, ಎರಡು ಲೋಟ ಹುಳಿ ಮಜ್ಜಿಗೆಗೆ ಒಂದು ಬಕೆಟ್ ನೀರು ಬೆರೆಸಿದ್ದನ್ನೋ ಚಿಮುಕಿಸಿ, ಕೊಳೆಯಲು ಶುರುವಾಗಲು ಅಷ್ಟು ಸಾಕು. ಅಂಗಡಿಯಲ್ಲಿ ಮಾರುವ ಪುಡಿ ಇಲ್ಲದಿದ್ದರೂ ನಡೆಯುತ್ತದೆ. ವಾರಕ್ಕೊಮ್ಮೆ ಕೋಲಿನಿಂದ ಬುಡಮೇಲು ಮಾಡಿ ಗಾಳಿ ಆಡಿಸಿ.

ಮೂರ್ನಾಲ್ಕು ವಾರದಲ್ಲಿ ಸಿಪ್ಪೆ ಯಾವುದು, ಎಲೆ ಯಾವುದು ಅಂತ ಅರ್ಧಂಬರ್ಧ ಗುರುತು ಸಿಗುವ ಹದಕ್ಕೆ ಬರುತ್ತದೆ. ಕೈ ಒಳಗೆ ಹಾಕಿ ನೋಡಿ. ಬಿಸಿ ತಾಗದಿದ್ದರೆ ಹುಳಕ್ಕೆ ಹಾಕಲು ತಯಾರು. ಹುಳ ಬೇಡ ಅನ್ನುವವರು ಅಲ್ಲೇ ಬಿಟ್ಟರೆ ಎರಡು ಮೂರು ತಿಂಗಳಲ್ಲಿ ಪೂರ್ತಿ ಗೊಬ್ಬರವಾಗುತ್ತದೆ.

ಎರಡನೇ ಹಂತ: ಹುಳದ ಮನೆ

ತೊಟ್ಟಿ ಆಳ ಬೇಡ, ಅಗಲ ಇರಲಿ. ಗೊಬ್ಬರ ಮಾಡುವ ಹುಳ ಮೇಲ್ಪದರದಲ್ಲೇ ತಿಂದು ಬದುಕುತ್ತದೆ, ಒಂದೂವರೆ ಅಡಿಗಿಂತ ಆಳ ಇದ್ದರೆ ಕೆಳಗೆ ಗಾಳಿಯಿಲ್ಲದೆ ಹುಳಿ ಹಿಡಿಯುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ದ್ರಾಕ್ಷಿ, ಟೊಮ್ಯಾಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್. ಒಳಗೆ ಗೋಣಿತಟ್ಟು ಹಾಸಿ. ನಾಲ್ಕೂ ಕಡೆ ಗಾಳಿ ಆಡುತ್ತದೆ, ಗೋಣಿ ಒದ್ದೆಯಿದ್ದರೆ ತಂಪಾಗುತ್ತದೆ. ನಮ್ಮ ಗಾಳಿ ಒಣ ಗಾಳಿ, ನೀರು ಬೇಗ ಆರುತ್ತದೆ, ಆರುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಹರವಿಯ ನೀರು ಬೆಳಗಾವಿಗಿಂತ ವಿಜಯಪುರದಲ್ಲಿ ಜಾಸ್ತಿ ತಣ್ಣಗಾಗುವುದು ಇದೇ ಕಾರಣಕ್ಕೆ ಅಲ್ವಾ, ಅದೇ ಗುಣವನ್ನು ಹುಳಕ್ಕೂ ಬಳಸಿಕೊಳ್ಳಬೇಕು. ಮಣ್ಣಿನ ಅಗಲ ಕುಂಡವೂ ಆಗುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಡ್ರಮ್ ಮಾತ್ರ ಬೇಡ.

ಜಾಗ ಎಂದರೆ ನೆರಳು. ಮೆಟ್ಟಿಲ ಕೆಳಗೆ, ಉತ್ತರದ ಗೋಡೆ ಪಕ್ಕ, ನುಗ್ಗೆ ಗಿಡದ ಬುಡ, ಬಚ್ಚಲ ಹಿಂದೆ. ಮಾಳಿಗೆಯ ಕಾಂಕ್ರೀಟು ರಾತ್ರಿಯೂ ಬಿಸಿ ಬಿಡುತ್ತಿರುತ್ತದೆ, ಅಲ್ಲೇ ಇಡಬೇಕಾದರೆ ಇಟ್ಟಿಗೆ ಮೇಲೆ ಎತ್ತರಿಸಿ ಇಡಿ, ಮೇಲೆ ಹಸಿರು ಪರದೆ ಕಟ್ಟಿ.

ಕೆಳಗೆ ಎರಡು ಇಂಚು ತೆಂಗಿನ ನಾರು ಅಥವಾ ಕಣಿಕೆ ಚೂರು. ಅದರ ಮೇಲೆ ನಾಲ್ಕು ಇಂಚು ಹಳೆಯ ಸೆಗಣಿ. ಹಳೆಯದು ಅಂದರೆ ಹತ್ತು ಹದಿನೈದು ದಿನ ಬಿಟ್ಟು ಕಾವು ಇಳಿದದ್ದು. ಹಸಿ ಸೆಗಣಿ ಬಿಸಿ ಬಿಡುತ್ತದೆ, ಕಣ್ಣು ಉರಿಸುವ ಅಮೋನಿಯಾ ಬಿಡುತ್ತದೆ. ಆಕಳದ್ದೂ ಆದೀತು, ಎಮ್ಮೆಯದ್ದೂ ಆದೀತು, ಹಾಲು ಹಾಕುವವರ ಹತ್ತಿರ ಕೇಳಿದರೆ ಒಂದು ಬುಟ್ಟಿ ಕೊಡುತ್ತಾರೆ. ಕೋಳಿ ಗೊಬ್ಬರ ಬೇಡ, ಅದು ಹುಳಕ್ಕೆ ಬಹಳ ಖಾರ.

ಇನ್ನು ಹುಳ. ಹೊಲದ ಎರೆಮಣ್ಣನ್ನು, ಅಂದರೆ ಕಪ್ಪು ಮಣ್ಣನ್ನು, ಅಗೆದು ಹುಳ ತಂದು ಬಿಡಬೇಡಿ. ಅವು ಆಳಕ್ಕೆ ಬಿಲ ತೋಡಿ ಮಣ್ಣು ತಿಂದು ಬದುಕುವಂಥವು, ತೊಟ್ಟಿಯಲ್ಲಿ ನಿಲ್ಲುವುದಿಲ್ಲ. ನಮ್ಮ ರಾಜ್ಯದಲ್ಲಿ ಗೊಬ್ಬರಕ್ಕೆ ಸಾಕುವುದು ಹೆಚ್ಚಾಗಿ ಎರಡು ಜಾತಿ. ಯುಡ್ರಿಲಸ್ ಯುಜಿನಿಯೆ, ಅಂದರೆ ಆಫ್ರಿಕಾದ ಹುಳ, ದಪ್ಪ, ಬೆನ್ನ ಮೇಲೆ ನೇರಳೆ ಹೊಳಪು, ತಿನ್ನುವುದೂ ಜಾಸ್ತಿ. ಐಸೀನಿಯಾ ಫೆಟಿಡಾ ಸಣ್ಣದು, ಕೆಂಪು, ಮೈಮೇಲೆ ಪಟ್ಟೆ ಪಟ್ಟೆ. ಎರಡರಲ್ಲಿ ಯಾವುದು ಸಿಕ್ಕರೂ ತನ್ನಿ. ವಿಜಯಪುರದವರು ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಬಾಗಲಕೋಟೆಯವರು ಅಲ್ಲಿಯ ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ, ಬೆಳಗಾವಿ ಜಿಲ್ಲೆಯವರು ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹೋಗುವ ಮೊದಲು ಫೋನ್ ಮಾಡಿ ಹುಳ ಇದೆಯಾ ಅಂತ ಕೇಳಿಕೊಂಡು ಹೋಗಿ. ಸುತ್ತಮುತ್ತ ಎರೆಗೊಬ್ಬರ ಮಾಡುವ ರೈತರಿದ್ದರೆ ಇನ್ನೂ ಒಳ್ಳೆಯದು, ಅವರ ಹುಳ ನಮ್ಮ ಬಿಸಿಲಿಗೆ ಆಗಲೇ ಒಗ್ಗಿರುತ್ತದೆ. ನಾಲ್ಕು ಜನರ ಮನೆಗೆ ಕಾಲು ಕಿಲೋದಿಂದ ಅರ್ಧ ಕಿಲೋ ಹುಳ ಸಾಕು.

ತಂದ ದಿನವೇ ಊಟ ಹಾಕಬೇಡಿ. ಸೆಗಣಿಯಲ್ಲೇ ಒಂದು ವಾರ ಇರಲಿ. ಆಮೇಲೆ ಅರ್ಧ ಕೊಳೆತ ಕಸವನ್ನು ಎರಡು ಇಂಚಿಗಿಂತ ದಪ್ಪ ಆಗದಂತೆ ಹರಡಿ, ಒದ್ದೆ ಗೋಣಿ ಹೊದಿಸಿ. ಹಾಕಿದ್ದು ಮುಗಿದ ಮೇಲೆ ಇನ್ನಷ್ಟು. ಹುಳ ದಿನಕ್ಕೆ ತನ್ನ ತೂಕದ ಅರ್ಧದಷ್ಟು ತಿನ್ನುತ್ತದೆ ಅನ್ನುವುದು ಎಲ್ಲ ಅನುಕೂಲ ಇದ್ದಾಗಿನ ಮಾತು. ಮೊದಲಲ್ಲಿ ಅದರ ಅರ್ಧ ಹಾಕಿ ನೋಡಿ.

ತೊಟ್ಟಿಗೆ ಬೇಡವಾದವು: ಉಪ್ಪಿನಕಾಯಿ, ಎಣ್ಣೆ ಪಲ್ಯ, ಮೆಣಸಿನಕಾಯಿ, ಹಾಲು, ಮಾಂಸ, ಜಾಸ್ತಿ ನಿಂಬೆ ಸಿಪ್ಪೆ, ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿ. ಉಳ್ಳಾಗಡ್ಡಿಯ ಒಣ ಸಿಪ್ಪೆ ಮೊದಲ ಹಂತದ ರಾಶಿಗೆ ಹೋಗಲಿ, ತೊಂದರೆ ಇಲ್ಲ. ಉಳಿದ ರೊಟ್ಟಿಯನ್ನು ನೆನೆಸಿ ಚೂರು ಮಾಡಿ ಅಲ್ಲಿಗೇ ಹಾಕಿ. ಚಹಾ ಸೋಸಿದ ಪುಡಿ, ತೊಳೆದು ಪುಡಿ ಮಾಡಿದ ಮೊಟ್ಟೆ ಸಿಪ್ಪೆ ಹುಳಕ್ಕೆ ಆಗುತ್ತದೆ.

ನೀರಿನ ಮಾತು

ನಮ್ಮ ಕಡೆ ಬೋರಿನ ನೀರು ಬಹಳ ಮನೆಗಳಲ್ಲಿ ಗಡಸು, ಸವುಳು. ಅದನ್ನೇ ದಿನಾ ಚಿಮುಕಿಸಿದರೆ ನೀರು ಆರಿ ಹೋಗುತ್ತದೆ, ಉಪ್ಪು ಮಾತ್ರ ತೊಟ್ಟಿಯಲ್ಲಿ ಕೂಡುತ್ತಾ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಆರ್‌ಒ ಮಷೀನಿನಿಂದ ಹೊರಗೆ ಬಿಡುವ ನೀರು. ಸುಮ್ನೆ ಹಾಳಾಗುತ್ತದಲ್ಲ ಅಂತ ಜನ ಅದನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಾರೆ. ಬೋರಿನ ನೀರಿನಲ್ಲಿದ್ದ ಉಪ್ಪೆಲ್ಲ ಗಟ್ಟಿಯಾಗಿ ಸೇರಿರುವುದು ಅದರಲ್ಲೇ. ನೆಲ ಒರೆಸಲು ಬಳಸಿ, ಹುಳಕ್ಕೆ ಬೇಡ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಳ್ಳೆಯದು. ನಳದ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿ ತೆರೆದು ಇಟ್ಟು ಹಾಕಿ. ಮಳೆ ನೀರು ಹಿಡಿದಿಟ್ಟಿದ್ದರೆ ಕೇಳುವುದೇ ಬೇಡ.

ಎಷ್ಟು ನೀರು ಅಂದರೆ, ತೊಟ್ಟಿಯಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ ಸರಿ. ಏನೂ ಬರದೆ ಪುಡಿಯಾಗಿ ಉದುರಿದರೆ ಚಿಮುಕಿಸಿ. ನೀರು ಧಾರೆಯಾಗಿ ಇಳಿದರೆ ಒಣ ಕಣಿಕೆ ಬೆರೆಸಿ ಕೆದರಿ.

ಏಪ್ರಿಲ್-ಮೇ ತಿಂಗಳಲ್ಲಿ ಗೋಣಿಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒದ್ದೆ ಮಾಡಬೇಕಾಗುತ್ತದೆ. ತೊಟ್ಟಿಯೊಳಗೆ ಸುರಿಯುವುದಲ್ಲ, ಗೋಣಿಗೆ ಮಾತ್ರ. ಆ ಎರಡು ತಿಂಗಳು ಊಟವನ್ನೂ ಕಡಿಮೆ ಮಾಡಿ. ರಜೆಗೆ ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಗೋಣಿ ಒದ್ದೆ ಮಾಡುವ ಕೆಲಸ ಒಪ್ಪಿಸಿ ಹೋಗಿ, ಊಟ ಹಾಕಲು ಹೇಳಬೇಡಿ. ಊಟ ಇಲ್ಲದೆ ಎರಡು ವಾರ ತಡೆಯುತ್ತವೆ, ತಂಪಿಲ್ಲದೆ ಎರಡು ದಿನವೂ ತಡೆಯುವುದಿಲ್ಲ.

ಬೆಳಗಾವಿ, ಖಾನಾಪುರ ಕಡೆಯವರಿಗೆ ಕಷ್ಟ ಬೇರೆ. ಅಲ್ಲಿ ಜುಲೈ-ಆಗಸ್ಟ್ ಮಳೆಗೆ ತೊಟ್ಟಿ ನೀರು ಕುಡಿದು ನಿಲ್ಲುತ್ತದೆ, ಹುಳ ರಾತ್ರೋರಾತ್ರಿ ಗೋಡೆ ಹತ್ತಿ ಹೊರಡುತ್ತದೆ. ಮೇಲೆ ತಗಡು ಹಾಕಿ, ತಳದ ತೂತು ಕಟ್ಟಿಕೊಳ್ಳದಂತೆ ನೋಡಿ, ಒಣ ಕಸ ಜಾಸ್ತಿ ಹಾಕಿ.

ಏನಾದರೂ ಕೆಟ್ಟರೆ

ಕೆಂಪಿರುವೆ ಬಂತೆಂದರೆ ತೊಟ್ಟಿ ಒಣಗಿದೆ ಅಂತ ಅರ್ಥ. ನೀರು ಚಿಮುಕಿಸಿ, ತೊಟ್ಟಿಯ ಕಾಲಿಗೆ ನೀರಿನ ಬಟ್ಟಲು ಇಡಿ. ಇರುವೆ ಪುಡಿ ಹಾಕಬೇಡಿ, ಹುಳವೂ ಹೋಗುತ್ತದೆ. ನಾತ ಬಂದರೆ ನೀರು ಜಾಸ್ತಿ ಅಥವಾ ಊಟ ಜಾಸ್ತಿ, ಕೆದರಿ, ಒಣ ಕಸ ಹಾಕಿ, ನಾಲ್ಕು ದಿನ ಊಟ ನಿಲ್ಲಿಸಿ. ಬೂದು ಬಣ್ಣದ ದಪ್ಪ ಮರಿಹುಳು ಕಂಡರೆ ಹೆದರಬೇಡಿ, ಅದು ಸೋಲ್ಜರ್ ನೊಣದ ಮರಿ, ಕಚ್ಚುವುದಿಲ್ಲ, ಹಸಿ ಕಸ ಇದ್ದಲ್ಲಿ ಬರುತ್ತದೆ. ಹಲ್ಲಿ, ಇಲಿ, ಹೆಗ್ಗಣ ಇರುವ ಮನೆಯಲ್ಲಿ ಮೇಲೆ ತಂತಿಜಾಳಿಗೆ ಹಾಕಲೇಬೇಕು. ಹುಳ ಎಲ್ಲ ಒಂದೇ ಮೂಲೆಗೆ ಗುಂಪು ಕಟ್ಟಿದರೆ ಇನ್ನೊಂದು ಕಡೆ ಬಿಸಿಯಿದೆ, ಕೈ ಹಾಕಿ ನೋಡಿ.

ಗೊಬ್ಬರ ತೆಗೆಯುವುದು

ಒಂದೂವರೆ ಎರಡು ತಿಂಗಳಿಗೆ ಮೇಲ್ಪದರ ಚಹಾಪುಡಿಯ ಹಾಗೆ ಕಪ್ಪಗೆ, ಕಾಳುಕಾಳಾಗಿ ಆಗಿರುತ್ತದೆ. ಮೂಸಿ ನೋಡಿದರೆ ಮೊದಲ ಮಳೆಯ ಮಣ್ಣಿನ ವಾಸನೆ. ಆಗ ಮೂರ್ನಾಲ್ಕು ದಿನ ನೀರು ನಿಲ್ಲಿಸಿ. ನೆರಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಗೋಪುರದಂತೆ ಸುರಿಯಿರಿ. ಬೆಳಕು ಬಿದ್ದಂತೆ ಹುಳ ತಳಕ್ಕೆ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೇಲಿಂದ ಕೈಯಲ್ಲೇ ಕೆರೆದು ತೆಗೆಯಿರಿ, ಹುಳ ಕಂಡ ತಕ್ಷಣ ನಿಲ್ಲಿಸಿ, ಮತ್ತೆ ಸ್ವಲ್ಪ ಹೊತ್ತು ಬಿಡಿ. ಕೊನೆಗೆ ತಳದಲ್ಲಿ ಹುಳದ ಮುದ್ದೆ ಉಳಿಯುತ್ತದೆ, ಅದನ್ನು ಹೊಸ ಹಾಸಿಗೆಗೆ ಬಿಡಿ.

ಜರಡಿ ಹಿಡಿಯುವ ಮೊದಲು ಒಂದು ಹಿಡಿ ಗೊಬ್ಬರವನ್ನು ಬಿಳಿ ತಟ್ಟೆಯಲ್ಲಿ ಹರಡಿ ನೋಡಿ. ಸಾಸಿವೆಗಿಂತ ತುಸು ದೊಡ್ಡ, ಎರಡೂ ತುದಿ ಚೂಪಾದ, ಸಣ್ಣ ನಿಂಬೆ ಆಕಾರದ ಕಾಳು ಕಾಣುತ್ತವೆ. ಹೊಸದು ತಿಳಿ ಹಳದಿ, ಮರಿ ಹೊರಗೆ ಬರುವ ಹೊತ್ತಿಗೆ ಕಂದುಗೆಂಪು. ಪಟ್ಟೆ ಹುಳದ ಮೊಟ್ಟೆ ಕೋಶ ಇದು. ಸುಮಾರು ಮೂರು ವಾರದಲ್ಲಿ ಒಂದೊಂದರಿಂದ ಎರಡು ಮೂರು ಮರಿ ಬರುತ್ತವೆ, ದಾರದ ಎಳೆಯಷ್ಟು ತೆಳ್ಳಗೆ, ಬೆಳ್ಳಗೆ. ಸಿಕ್ಕಷ್ಟನ್ನು ಆರಿಸಿ ತೊಟ್ಟಿಗೆ ಹಾಕಿ. ಮಕ್ಕಳಿದ್ದರೆ ಈ ಕೆಲಸ ಅವರಿಗೆ ಕೊಡಿ, ಅವರ ಕಣ್ಣು ಚುರುಕು.

ಗೊಬ್ಬರವನ್ನು ಬಿಸಿಲಿಗೆ ಒಣಗಿಸಬೇಡಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಬೇಡಿ. ಸ್ವಲ್ಪ ತೇವ ಇರುವಂತೆ ಗೋಣಿಚೀಲದಲ್ಲಿ ನೆರಳಿಗೆ ಇಡಿ.

ಎಷ್ಟು ಹಾಕಬೇಕು

ಜಾಸ್ತಿ ಹಾಕಿದರೆ ಜಾಸ್ತಿ ಬೆಳೆಯುವುದಿಲ್ಲ. ಕುಂಡ ತುಂಬುವಾಗ ಐದು ಪಾಲಿನಲ್ಲಿ ಒಂದು ಪಾಲು ಎರೆಗೊಬ್ಬರ ಸಾಕು. ಬರೀ ಎರೆಮಣ್ಣು ತುಂಬಿದ ಕುಂಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ, ಹಾಗಾಗಿ ಮಸಾರಿ (ಕೆಂಪು) ಮಣ್ಣು ಎರಡು ಪಾಲು, ಕೊಳೆತ ಎಲೆ ಗೊಬ್ಬರ ಒಂದು, ತೆಂಗಿನ ನಾರಿನ ಪುಡಿ ಒಂದು, ಎರೆಗೊಬ್ಬರ ಒಂದು. ಬೆಳೆದ ಗಿಡಕ್ಕೆ, 12 ಇಂಚಿನ ಕುಂಡವಾದರೆ, ತಿಂಗಳಿಗೆ ಎರಡು ಹಿಡಿ ಮೇಲ್ಮಣ್ಣಿನಲ್ಲಿ ಕಲಸಿ ಎಲೆ ಮುಚ್ಚಿ ನೀರು ಕೊಡಿ. ಮುಚ್ಚದೆ ಬಿಟ್ಟರೆ ಬಿಸಿಲಿಗೆ ಅದರ ಜೀವ ಹೋಗುತ್ತದೆ.

ಸಾರಜನಕ ಇದರಲ್ಲಿ ಸುಮಾರು ಒಂದರಿಂದ ಎರಡು ಪರ್ಸೆಂಟ್ ಅಷ್ಟೇ. ಯೂರಿಯಾದಲ್ಲಿ 46 ಪರ್ಸೆಂಟ್. ಅದಕ್ಕೆ ಯೂರಿಯಾ ಹಾಕಿದಂತೆ ನಾಲ್ಕೇ ದಿನದಲ್ಲಿ ಎಲೆ ಹಸಿರಾಗುವುದನ್ನು ಕಾಯಬೇಡಿ. ಇದು ಮಣ್ಣನ್ನು ಸಡಿಲ ಮಾಡುತ್ತದೆ, ನೀರು ಹಿಡಿದಿಡುತ್ತದೆ, ಬೇರಿನ ಸುತ್ತ ಸೂಕ್ಷ್ಮಜೀವಿ ಬೆಳೆಸುತ್ತದೆ. ನಮ್ಮ ಕಪ್ಪು ಮಣ್ಣು ಕ್ಷಾರದ ಮಣ್ಣು, ಅದರಲ್ಲಿ ಕಬ್ಬಿಣ ಇದ್ದರೂ ಗಿಡದ ಕೈಗೆ ಸಿಗುವುದಿಲ್ಲ, ಗುಲಾಬಿ, ನಿಂಬೆ ಗಿಡದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುವುದು ಇದರಿಂದಲೇ. ಅಂಥ ಗಿಡಕ್ಕೆ ಎರಡು ಮೂರು ತಿಂಗಳು ಬಿಡದೆ ಎರೆಗೊಬ್ಬರ ಕೊಟ್ಟು ಬುಡಕ್ಕೆ ಕಣಿಕೆ ಮುಚ್ಚಿ ನೋಡಿ.

ತೊಟ್ಟಿಯ ತಳದಿಂದ ಇಳಿಯುವ ಕಂದು ನೀರನ್ನು ಹಾಗೆಯೇ ಹಾಕಬೇಡಿ. ಒಂದು ಲೋಟಕ್ಕೆ ಹತ್ತು ಲೋಟ ನೀರು ಬೆರೆಸಿ ಹೂವಿನ ಗಿಡ, ಹಣ್ಣಿನ ಗಿಡದ ಬುಡಕ್ಕೆ ಹಾಕಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೆಂತ್ಯೆ, ಮೂಲಂಗಿಗೆ ಬೇಡ. ಅಷ್ಟು ನೀರು ದಿನಾ ಇಳಿಯುತ್ತಿದೆ ಅಂದರೆ ನೀವು ಚಿಮುಕಿಸುತ್ತಿರುವುದೇ ಜಾಸ್ತಿ, ಅದನ್ನು ಕಡಿಮೆ ಮಾಡಿ.